ಅವರು ನನಗೆ ಏನಾಗಬೇಕು?

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಅಜ್ಜಿ ನಲವತ್ತೊಂದು ವರ್ಷ ಹರಿದ ಚಾದರಗಳಿಗೆ ತೇಪೆ ಹಾಕಿದ್ದಳು. ಅದೇ ಆಸ್ಪತ್ರೆಯ ಮೆಟ್ಟಿಲ ಮೇಲೆ, ಹಸುಗೂಸಾಗಿದ್ದಾಗ, ಯಾರೋ ಅವಳನ್ನು ಬಿಟ್ಟುಹೋಗಿದ್ದರು. ತವರಿನ ಮಾತು ಬಂದಾಗಲೆಲ್ಲ, "ನಮ್ಮ ತವರು ಬಹಳ ದೊಡ್ಡದಪ್ಪ, ಮುನ್ನೂರು ಹಾಸಿಗೆ" ಎಂದು ನಗಿಸಿ ಜಾರಿಕೊಳ್ಳುತ್ತಿದ್ದಳು.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮೊಮ್ಮಗಳು ಡಿಎನ್‌ಎ ಪರೀಕ್ಷೆಯ ಪೆಟ್ಟಿಗೆ ತಂದಾಗ ಅಜ್ಜಿ ಒಪ್ಪಲಿಲ್ಲ. ಬೇಡವೆಂದು ಬಿಟ್ಟವರ ಬಾಗಿಲನ್ನು ಈ ವಯಸ್ಸಿನಲ್ಲಿ ಹೋಗಿ ತಟ್ಟುವುದೇಕೆ ಎಂದಳು. ಎರಡು ವಾರ ಪೆಟ್ಟಿಗೆ ಕಪಾಟಿನ ಮೇಲೆಯೇ ಕೂತಿತ್ತು. ಆಮೇಲೆ ಒಂದು ಬೆಳಿಗ್ಗೆ, ಯಾರೂ ಕೇಳದಿದ್ದರೂ, ತಾನೇ ಪೆಟ್ಟಿಗೆಯೊಳಗಿನ ಕೊಳವೆ ಹಿಡಿದು ಉಗುಳಲು ಕೂತಳು. ಬಾಯಿ ಒಣಗಿ, ಜೊಲ್ಲು ಕೊಳವೆಯ ಗೀಟು ಮುಟ್ಟಲು ಅರ್ಧ ಗಂಟೆ ಹಿಡಿಯಿತು. ಮೊಮ್ಮಗಳು ಎದುರಿಗೆ ಕೂತು ನಿಂಬೆಹೋಳು ನೆಕ್ಕಿ ತೋರಿಸಬೇಕಾಯಿತು.

ಫಲಿತಾಂಶ ಬಂದದ್ದು ಏಳನೆಯ ವಾರ. ಹಿರಿಯರ ಮೂಲ ತೋರಿಸುವ ನಕ್ಷೆಯ ಬಣ್ಣವೆಲ್ಲ ನದಿಯಾಚೆಯ ಗುಡ್ಡಗಾಡಿನ ಮೇಲೇ ಗಾಢವಾಗಿತ್ತು. ಅಜ್ಜಿ ಅತ್ತ ಕಾಲಿಟ್ಟವಳೇ ಅಲ್ಲ. ತಾಯಿಯ ಸುಳಿವಿಲ್ಲ, ಒಡಹುಟ್ಟಿದವರಿಲ್ಲ. ಡಿಎನ್‌ಎ ಹೊಂದಿಕೆಯಾದದ್ದು ಅಲ್ಲಿನ ಒಬ್ಬ ಗಾರೆ ಮೇಸ್ತ್ರಿಯ ಜೊತೆ ಮಾತ್ರ; ಅಜ್ಜಿಗಿಂತ ಐದು ವರ್ಷ ಚಿಕ್ಕವರು. ಇಬ್ಬರಿಗೂ ಮುತ್ತಜ್ಜನೋ ಮುತ್ತಜ್ಜಿಯೋ ಒಬ್ಬರೇ ಇರಬಹುದು, ಅಷ್ಟೆ, ಎಂದು ಮೊಮ್ಮಗಳು ಓದಿ ಹೇಳಿದಳು.

"ಅಂದ್ರೆ ಅವರು ನನಗೆ ಏನಾಗಬೇಕು?"

ಮೊಮ್ಮಗಳು ಬೆರಳು ಮಡಿಚಿದಳು, ಚೀಟಿಯ ಮೇಲೆ ಗೆರೆ ಎಳೆದಳು. ತಂದೆ ಕಡೆಯೋ ತಾಯಿ ಕಡೆಯೋ ತಿಳಿಯದೆ ತಮ್ಮ ಎನ್ನುವುದೋ ಭಾವಮೈದುನ ಎನ್ನುವುದೋ ಬಗೆಹರಿಯಲಿಲ್ಲ. "ಏನೋ ಒಂದು ಆಗ್ತಾರೆ ಅಜ್ಜಿ" ಎಂದು ಕೈಚೆಲ್ಲಿ, ಮೇಸ್ತ್ರಿಗೆ ನಾಲ್ಕು ಸಾಲು ಬರೆದು ಕಳಿಸಿದಳು.

ಹತ್ತು ದಿನದ ಮೇಲೆ ಫೋನ್ ಬಂತು. ಮೇಸ್ತ್ರಿ ಅಷ್ಟೂ ದಿನ ಊರಿನ ಹಳೆಯ ತಲೆಗಳನ್ನೆಲ್ಲ ವಿಚಾರಿಸಿಕೊಂಡು ಬಂದಿದ್ದರಂತೆ. ಗೊತ್ತಿದ್ದವರು ಮಣ್ಣು ಸೇರಿದ್ದರು, ಉಳಿದವರಿಗೆ ಏನೂ ನೆನಪಿರಲಿಲ್ಲ. ಅಜ್ಜಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಯಾರು ಬಿಟ್ಟರೋ ಗೊತ್ತಾಗಲಿಲ್ಲಮ್ಮ. ಆದ್ರೆ ನಮ್ಮ ಕಡೆಯವರೇ. ತಪ್ಪಾಯ್ತು."

ಎಪ್ಪತ್ತನಾಲ್ಕು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಇದ್ದಾರೆಂದು ಅವಳಿಗೂ ಹೊಳೆದಿರಲಿಲ್ಲ.

"ನೀವಿನ್ನೂ ಹುಟ್ಟೇ ಇರಲಿಲ್ವಲ್ಲ" ಎಂದಳು.

"ಇರಲಿಲ್ಲ. ಆದ್ರೂ ನಮ್ಮವರ ಪರವಾಗಿ ಯಾರಾದ್ರೂ ಒಬ್ಬರು ಹೇಳಬೇಕಲ್ವಾ ಅಕ್ಕ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಊಟ ಮಾಡಿದ್ಯೇನಪ್ಪ?" ಎಂದು ಕೇಳಿದಳು.

ಆಮೇಲೆ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡತೊಡಗಿದರು. ಮುಂದಿನ ತಿಂಗಳು ಮೊಮ್ಮಗಳು ಅವಳನ್ನು ನದಿಯಾಚೆ ಹೋಗುವ ಬಸ್ಸು ಹತ್ತಿಸಿಕೊಂಡು ಹೊರಟಳು. ಪಕ್ಕದ ಸೀಟಿನ ಹೆಂಗಸು ಎಲ್ಲಿಗೆ ಪ್ರಯಾಣ ಎಂದು ವಿಚಾರಿಸಿದಳು. ತಮ್ಮನ ಮನೆಗೆ ಎಂದು ಅಜ್ಜಿ ಹೇಳಿದಳು. ಅಷ್ಟಕ್ಕೇ ಬಿಡದೆ, ಅವನಿಗೆ ಮೊಣಕಾಲು ನೋವು, ಮಾತ್ರೆ ಸರಿಯಾಗಿ ನುಂಗುವುದಿಲ್ಲ, ಹೇಳಿದ ಮಾತು ಕೇಳುವ ಜಾಯಮಾನವೇ ಅಲ್ಲ ಎಂದು ಸೇತುವೆ ದಾಟುವವರೆಗೂ ದೂರಿದಳು.