ಮೀನಿನ ಬುಟ್ಟಿ ಹತ್ತದ ಬಸ್ಸು

ತ್ರಾಸಿಯ ಬಸ್ ನಿಲ್ದಾಣದಲ್ಲಿ ಅಂದು ನಮ್ಮ ಮೂರನೆಯ ದಿನ. ೧೯೯೯ರ ಜನವರಿ. ಮೀನು ಮಾರುವವರು, ಹೂ ಬೆಳೆಯುವವರು, ಹಂಚಿನ ಕಾರ್ಖಾನೆಗೆ ಹೋಗುವವರು, ಹೀಗೆ ಮೂರು ಸಂಘದ ಹೆಂಗಸರು ಒಂದು ಮಾತಿಗೆ ಬಂದಿದ್ದೆವು: ಮೀನಿನ ಬುಟ್ಟಿಯನ್ನು ಬೇಡವೆನ್ನುವ ಬಸ್ಸಿಗೆ ನಮ್ಮಲ್ಲಿ ಯಾರೂ ಹತ್ತುವುದಿಲ್ಲ.

ಇದಕ್ಕೆ ಒಪ್ಪಿಗೆ ಕೇಳಲು ನನ್ನ ಮನೆಗೆ ಬಂದವಳು ಮೀನುಗಾರ್ತಿಯರ ಸಂಘದ ಸುಗುಣ. ಹೂವಿನವರ ಪರವಾಗಿ ನಾನು ತಕ್ಷಣ ಒಪ್ಪಿದೆ. ಹೇಳಬೇಕಾದ ಒಂದು ಸಂಗತಿಯನ್ನು ಮಾತ್ರ ನುಂಗಿಕೊಂಡೆ.

ಎರಡು ದಿನ ಸೇವಂತಿಗೆ ಮನೆಯಲ್ಲೇ ಬಾಡಿತು. ಹಂಚಿನವರಿಗೆ ಎರಡು ದಿನದ ಕೂಲಿ ಹೋಯಿತು. ಈಗ ಬೈಂದೂರಿನಿಂದ ಬಂದ ಬಸ್ಸು ನಿಂತೊಡನೆ ಹಂಚಿನವರ ಮುತ್ತು ಮೆಟ್ಟಿಲ ಮೇಲೆ ಕಾಲಿಟ್ಟಳು.

"ಮುತ್ತು!" ಎಂದೆ.

"ಎಂತ ಮಾಡುದ್ ಅಕ್ಕ? ಇವತ್ತೂ ಹೋಗ್ದಿರೆ ನಾಳೆಯಿಂದ ಕೆಲ್ಸಕ್ಕೆ ಬಪ್ಪುದೇ ಬೇಡ ಅಂದಿರ್."

ಕಂಡಕ್ಟರ್ ಭೋಜ ನಕ್ಕ. "ಹ್ವಾಯ್ ಸ್ನೇಹಲತಕ್ಕ, ನೀವೂ ಹತ್ತಿ. ಮೀನಿನ್ ವಾಸ್ನೆ ಹೂವಿಗ್ ತಾಗತ್, ಬುಟ್ಟಿ ಹತ್ಸಬೇಡಿ ಅಂತ ಹೋದ್ ವರ್ಷ ಹೇಳಿದ್ದ್ ನೀವೇ ಅಲ್ದಾ? ಅದ್ಕೇ ಬಸ್ಸಿನ್ ಧಣಿಯವ್ರ್ ಬೇಡ ಅಂದದ್."

ಎಲ್ಲರ ಮುಖ ನನ್ನತ್ತ ತಿರುಗಿತು. ಸುಳ್ಳು ಎಂದುಬಿಡಬಹುದಿತ್ತು, ಕಂಡಕ್ಟರನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಸುಗುಣ ನನ್ನ ಬಾಯನ್ನೇ ನೋಡುತ್ತಿದ್ದಳು.

"ಹೌದು. ನಾನೇ ಹೇಳಿದ್ದ್," ಎಂದೆ. "ಹೇಳಿದ್ದ್ ತಪ್ಪ್. ಧಣಿಯವ್ರಿಗ್ ಹೇಳ್, ದೂರು ಕೊಟ್ಟವ್ಳೇ ಈಗ ಬುಟ್ಟಿ ಒಟ್ಟಿಗ್ ನಿಂತಿದ್ಳ್ ಅಂತ."

ಸುಗುಣ ತನ್ನ ಬುಟ್ಟಿಯನ್ನು ಎತ್ತಿ ನನ್ನಿಂದ ಎರಡು ಮಾರು ದೂರ ಇಟ್ಟಳು.

ಡ್ರೈವರ್ ಹಾರ್ನ್ ಹೊಡೆದ. ಹಂಚಿನವರಲ್ಲಿ ಮೂವರು ಮುತ್ತುವನ್ನು ದಾಟಿ ಒಳಗೆ ಹೋದರು. ಮುತ್ತು ಕಂಬಿ ಹಿಡಿದುಕೊಂಡೇ ನನ್ನನ್ನೂ ಸುಗುಣಳನ್ನೂ ನೋಡಿದಳು. ಬಸ್ಸು ಕದಲಿದಾಗ, "ಹಾಳಾಯ್ಲಿ!" ಎಂದು ಕೆಳಗೆ ಹಾರಿದಳು.

ಬಸ್ಸು ಎಬ್ಬಿಸಿದ ಧೂಳು ಇಳಿಯಿತು.

"ಮತ್ತೆ ಯಾರತ್ರ ಎಲ್ಲ ಹೇಳಿದ್ರಿ?" ಸುಗುಣ ಕೇಳಿದಳು. "ಈಗ್ಲೇ ಹೇಳಿ. ನಾಳೆ ಇನ್ನೊಬ್ಬ ಕಂಡಕ್ಟರ್ ಬಾಯಲ್ಲಿ ಕೇಂಬುದ್ ಬೇಡ."

"ಮನೆಯಲ್ ಅತ್ತೆ ಹತ್ರ."

ಮುತ್ತು ಕಿಸಕ್ಕೆಂದಳು. ಸುಗುಣ ನಗಲಿಲ್ಲ.

"ನಾಳೆ ಬತ್ರ್ಯಾ?"

"ಬತ್ತೆ."

"ಬತ್ರ್ಯಾ ಇಲ್ಯಾ ಕಾಂಬ," ಎಂದಳು ಅವಳು, ಮುಂದಿನ ಬಸ್ಸು ಬರುವ ದಾರಿ ನೋಡುತ್ತ.