ಪ್ಲಗ್ ಕಿತ್ತಿತ್ತು

ಹಾಲಿನ ಲೋಟಕ್ಕೆ ಕೈ ಹಾಕಿದರೆ ಒಳಗಿನ ಗಾಜಿನ ತಟ್ಟೆ ಇನ್ನೂ ತಿರುಗುತ್ತಲೇ ಇತ್ತು. ದೀಪ ಉರಿಯುತ್ತಿತ್ತು, ಗುಂಯ್ ಎನ್ನುವ ಸದ್ದೂ ನಿಂತಿರಲಿಲ್ಲ. ಲೋಟ ಅವಳ ಬೆರಳಿಗೆ ಸಿಕ್ಕದೆ ಪಕ್ಕಕ್ಕೆ ಸರಿದುಹೋಯಿತು. ಬಾಗಿಲು ತೆಗೆದರೂ ಮೈಕ್ರೋವೇವ್ ಓವನ್ನು ಓಡುತ್ತಿದೆ ಎಂದು ಅವಳ ತಲೆಗೆ ಹೊಳೆಯುವ ಮೊದಲೇ ಕೈಗೆ ತಿಳಿದಿರಬೇಕು, ಅದು ತಾನಾಗಿ ಹಿಂದಕ್ಕೆ ಬಂತು. ಮಣಿಕಟ್ಟಿನವರೆಗೂ ಒಂಥರಾ ಬಿಸಿ. ಒಲೆಯ ಮುಂದೆ ಕೂತಾಗ ಚರ್ಮಕ್ಕೆ ತಾಗುತ್ತದಲ್ಲ, ಆ ಬಿಸಿಯಲ್ಲ. ಮೂಳೆಯಿಂದ ಹೊರಗೆ ಬರುತ್ತಿದ್ದಂತಿತ್ತು.

ಮೊಣಕೈಯಿಂದ ಬಾಗಿಲು ತಳ್ಳಿ ಗೋಡೆಯ ಪ್ಲಗ್ ಕಿತ್ತಳು. ಅಡುಗೆಮನೆ ಒಮ್ಮೆಗೇ ನಿಶ್ಶಬ್ದವಾಯಿತು.

"ರೀ, ಇಲ್ಲಿ ಬನ್ನಿ ಸ್ವಲ್ಪ."

ಗಂಡ ಹಿಂದಿನ ರಾತ್ರಿ ಬಿಚ್ಚಿಟ್ಟಿದ್ದ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತುತ್ತಲೇ ಬಂದ. ಅವನು ಮುದ್ರಣಾಲಯವೊಂದರಲ್ಲಿ ದೊಡ್ಡ ಯಂತ್ರ ನಡೆಸುತ್ತಿದ್ದವನು. ಕಾಗದ ಸಿಕ್ಕಿಕೊಂಡರೆ, ಉರುಳೆ ಕೂಗಿದರೆ, ಕಂಪನಿಯವರು ಬರುವ ಮೊದಲೇ ತಾನೇ ಒಳಗೆ ನುಗ್ಗಿ ಸರಿಮಾಡಿಬಿಡುತ್ತಿದ್ದ. ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಮನೆಯಲ್ಲಿದ್ದ ಸಾಮಾನುಗಳಿಗೆ ಉಳಿಗಾಲವಿರಲಿಲ್ಲ. ಫ್ಯಾನು, ಇಸ್ತ್ರಿಪೆಟ್ಟಿಗೆ, ಮಿಕ್ಸರ್ ಎಲ್ಲವೂ ಒಂದೊಂದು ಸಲ ನೆಲದ ಮೇಲೆ ಬಿದ್ದುಕೊಂಡು ಅವನ ಕೈಯಲ್ಲಿ ಹೊಟ್ಟೆ ಕುಯ್ಯಿಸಿಕೊಂಡಿದ್ದವು. ಹಾಗಂತ ಹಾಳು ಮಾಡಿರಲಿಲ್ಲ. ಎಲ್ಲವೂ ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತಿದ್ದವು, ಅದೇ ಕಷ್ಟ. ಅವನಿಗೆ ಬೇಡ ಅನ್ನಲು ಯಾರಿಗೂ ಕಾರಣ ಸಿಕ್ಕುತ್ತಿರಲಿಲ್ಲ.

"ಬಾಗಿಲು ತೆಗೆದ್ರೂ ಓಡ್ತಾ ಇದೆ ಇದು. ನಾನು ಕೈ ಹಾಕಿದೀನಿ ಒಳಗೆ."

"ಬೀಪ್ ಸದ್ದು ಬಂದ ಮೇಲೆ ತಾನೆ ತೆಗೀಬೇಕು? ಮುಂಚೆ ಯಾಕೆ ತೆಗೆದೆ?"

"ಇಷ್ಟು ದಿನ ತೆಗೆದ್ರೆ ನಿಂತ್ಕೋತಿತ್ತಲ್ಲ!"

"ಆಗ ಬಾಗಿಲು ನೆಟ್ಟಗಿತ್ತು. ಈಗ ವಾಲಿದೆ. ಅದು ವಾಲಿದ್ರೆ ಒಳಗಿನ ಸ್ವಿಚ್ಚು ಒತ್ತಲ್ಲ, ಸ್ವಿಚ್ಚು ಒತ್ತದಿದ್ರೆ ಓಡಲ್ಲ. ಅದಕ್ಕೇ ಸ್ವಿಚ್ಚಿನ ಕಾಟವೇ ಬೇಡ ಅಂತ ಒಂದು ತಂತಿ ಎಳೆದೆ. ಎರಡು ಸಲ ಫ್ಯೂಸ್ ಹೋಯ್ತು. ಅದಕ್ಕೂ ದಾರಿ ಕಂಡ್ಕೊಂಡೆ." ಕೊನೆಯ ಮಾತು ಹೇಳುವಾಗ ಅವನ ಮುಖದಲ್ಲಿ, ಎಷ್ಟೋ ತಿಂಗಳಿಂದ ಕಾಣದಿದ್ದ, ಒಂದು ಬೆಳಕಿತ್ತು.

ಬಾಗಿಲು ವಾಲಿದ್ದು ಅತ್ತೆಯಿಂದ. ಮಂಡಿನೋವಿನ ಅತ್ತೆಗೆ ಅಡುಗೆಮನೆಯಲ್ಲಿ ನಿಂತುಕೊಳ್ಳಲು ಏನಾದರೊಂದು ಆಸರೆ ಬೇಕು. ತೆರೆದ ಬಾಗಿಲನ್ನೇ ಊರಿಕೊಂಡು ನಿಲ್ಲುತ್ತಿದ್ದರು. ಹಾಗಂತ ಅವರು ಆ ಪೆಟ್ಟಿಗೆಯನ್ನು ಅಸಡ್ಡೆಯಿಂದ ನೋಡಿದವರೂ ಅಲ್ಲ. ಸೊಸೆ ಹೇಳಿಕೊಟ್ಟದ್ದನ್ನೆಲ್ಲ ಅಕ್ಷರಶಃ ಪಾಲಿಸುತ್ತಿದ್ದರು. ಸ್ಟೀಲು ಇಡುತ್ತಿರಲಿಲ್ಲ, ಡಬ್ಬಿಯ ಮುಚ್ಚಳ ಬಿಗಿಯುತ್ತಿರಲಿಲ್ಲ, ನೀರು ಕಾಯಿಸುವಾಗ ಒಳಗೊಂದು ಮರದ ಚಮಚ ಇಡುತ್ತಿದ್ದರು, ಚೆಲ್ಲಿದ್ದನ್ನು ಆಗಿಂದಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಒಂದೇ ಒಂದು ತೊಡಕು, ಅವರಿಗೆ ಕಿವಿ ಮಂದ. ಹಾಲು ಬಿಸಿಯಾಯಿತೆಂದು ಓವನ್ನು ಎಷ್ಟು ಕೂಗಿಕೊಂಡರೂ ಅವರಿಗೆ ಕೇಳಿಸದು. ಗಾಜಿಗೆ ಮೂಗು ಹಚ್ಚಿ ನಿಂತು, ಹಾಲಿನಲ್ಲಿ ಗುಳ್ಳೆ ಕಂಡದ್ದೇ ಬಾಗಿಲು ಎಳೆಯುತ್ತಿದ್ದರು.

ಅದು ನೆನಪಾಗಿ ಅವಳು ಗಂಡನ ಕಡೆ ತಿರುಗಿದಳು. "ಅತ್ತೆಗೆ ಸದ್ದು ಕೇಳಿಸುತ್ತಾ ರೀ? ದಿನಕ್ಕೆ ನಾಲ್ಕು ಸಲ ಇದರ ಮುಂದೆ ಮುಖ ಇಟ್ಕೊಂಡು ನಿಂತಿರ್ತಾರೆ. ಮೆಕ್ಯಾನಿಕ್ ಕರೆಸೋಣ."

"ಬೇಕಾಗಿಲ್ಲ."

"ಇದು ನಿಮ್ಮ ಅಚ್ಚಿನ ಮಷೀನ್ ಅಲ್ಲ."

ಹೇಳಬಾರದಿತ್ತು. ಅವನು ಸ್ಕ್ರೂಡ್ರೈವರಿನ ಗಂಟನ್ನು ಇನ್ನೊಂದು ಸುತ್ತು ಬಿಗಿದ. ಅವನ ಮೌನ ಅವಳಿಗೆ ಹೊಸದಲ್ಲ, ಆದರೆ ಈಚೆಗೆ ಅದು ಬೇಗ ಬರುತ್ತಿತ್ತು, ನಿಧಾನಕ್ಕೆ ಹೋಗುತ್ತಿತ್ತು. ಅವಳು ಕೆಲಸ ಮಾಡುವ ಪರದೆ ಬಟ್ಟೆಯ ಅಂಗಡಿಗೆ ಹೊತ್ತಾಗಿತ್ತು. ಅವಳು ಅತ್ತೆಯ ಕಿವಿಯ ಹತ್ತಿರ ಬಾಗಿ, ಓವನ್ನು ಮುಟ್ಟಬೇಡಿ, ಹಾಲು ಒಲೆಯ ಮೇಲೆ ಕಾಯಿಸಿಕೊಳ್ಳಿ ಎಂದು ಜೋರಾಗಿ ಹೇಳಿ ಚಪ್ಪಲಿ ಮೆಟ್ಟಿದಳು. ಹೊಸಿಲು ದಾಟುವಾಗ ಹಿಂದಿನಿಂದ ದನಿ ಬಂತು.

"ಸಂಜೆಯೊಳಗೆ ಸ್ವಿಚ್ಚು ಮೊದಲಿನ ಹಾಗೇ ಮಾಡಿಡ್ತೀನಿ ಬಿಡು. ಬಾಗಿಲನ್ನೂ ಎತ್ತರಿಸ್ತೀನಿ."

"ಪ್ಲಗ್ ಹಾಕ್ಬೇಡಿ ಮತ್ತೆ."

"ಪ್ಲಗ್ ಹಾಕ್ಕೊಂಡು ಬಿಚ್ಚೋಕೆ ನನಗೇನು ಹುಚ್ಚಾ?"

ಮಾತು ಬಂತಲ್ಲ ಎಂದು ಅವಳಿಗೆ ಹಗುರವಾಯಿತು. ಬೀದಿಯ ತಿರುವಿನವರೆಗೂ ಹಗುರವಾಗಿಯೇ ಇತ್ತು.

ಅಂಗಡಿಯಲ್ಲಿ ಕೈ ತನ್ನ ಪಾಡಿಗೆ ಬಟ್ಟೆ ಅಳೆಯುತ್ತಿತ್ತು, ಕತ್ತರಿಸುತ್ತಿತ್ತು. ಬಲಗೈ ಕೆಂಪಾಗಿಲ್ಲ, ಬಾತಿಲ್ಲ, ಏನೂ ಆಗಿಲ್ಲ. ಆದರೂ ಗಿರಾಕಿಗಳ ಕಣ್ಣು ತಪ್ಪಿಸಿ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಊಟದ ಬಿಡುವಿನಲ್ಲಿ ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ. ಅದೇ ಸಾಲಿನ ಕೊನೆಯಲ್ಲಿ ಟಿವಿ, ಓವನ್ನು ರಿಪೇರಿ ಮಾಡುವ ಚಿಕ್ಕ ಅಂಗಡಿಯಿತ್ತು. ಕನ್ನಡಕವನ್ನು ಹಣೆಗೇರಿಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಇವಳು ಬೆಳಗಿನದನ್ನೆಲ್ಲ ಹೇಳಿದಳು, ಕೈಗೆ ಏನಾದರೂ ಆಗುತ್ತದಾ ಎಂದು ಕೇಳಿದಳು.

"ಒಂದು ಗಳಿಗೆ ತಾನೆ, ಕೈಗೇನೂ ಆಗಲ್ಲ ಅನ್ಸುತ್ತೆ. ನೋವು ಬಂದ್ರೆ ಡಾಕ್ಟರಿಗೆ ತೋರಿಸಿ. ಆದ್ರೆ ಆ ಓವನ್ ಇನ್ನು ಹಚ್ಚಬೇಡಿ."

"ಪ್ಲಗ್ ಕಿತ್ತಿದೀನಿ. ನಮ್ಮನೆಯವರು ಇವತ್ತು ಸರಿ ಮಾಡ್ತಾರೆ."

ಹೆಂಗಸು ಕನ್ನಡಕವನ್ನು ಕಣ್ಣಿಗೆ ಇಳಿಸಿದಳು. "ಮನೇಲಾ? ಅವರು ಇದೇ ಕೆಲಸದವರಾ?"

"ಅಲ್ಲ."

"ಹಾಗಾದ್ರೆ ಬೇಡ ಅನ್ನಿ. ಪ್ಲಗ್ ಕಿತ್ರೂ ಒಳಗೆ ಕರೆಂಟು ಕೂತಿರುತ್ತೆ ಅಮ್ಮಾ, ಒಂದು ಡಬ್ಬಿಯಲ್ಲಿ ತುಂಬ್ಕೊಂಡು. ಗೋಡೆ ಕರೆಂಟಿಗಿಂತ ಎಷ್ಟೋ ಪಾಲು ಜೋರು. ಸಾಮಾನ್ಯವಾಗಿ ತಾನಾಗೇ ಇಳಿದುಹೋಗುತ್ತೆ, ಇಳೀದೇ ಇರೋದೂ ಉಂಟು. ನೋಡಿದ್ರೆ ಗೊತ್ತಾಗಲ್ಲ." ಅವಳು ಮೇಜಿನ ಮೇಲಿದ್ದ ಫೋನನ್ನು ಇವಳ ಕಡೆಗೇ ತಳ್ಳಿದಳು. "ಈಗಲೇ ಹೇಳಿ."

ತನ್ನ ಫೋನು ತನ್ನ ಚೀಲದಲ್ಲೇ ಇದೆ ಎಂದು ನೆನಪಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗಂಡನ ನಂಬರಿಗೆ ಮಾಡಿದಳು. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದಾಗ ಅವನು ಫೋನ್ ಎತ್ತುವವನಲ್ಲ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಇನ್ನೇನು ನಿಲ್ಲುತ್ತದೆ ಅನ್ನುವಾಗ ಯಾರೋ ಎತ್ತಿದರು.

"ಯಾರು?" ಅತ್ತೆಯ ದೊಡ್ಡ ದನಿ.

"ಅತ್ತೆ, ನಾನು! ಅವರೆಲ್ಲಿ?"

"ನೀನೇನೇ? ಅವನು ಇಲ್ಲೇ ಇದಾನೆ. ಓವನ್ ಬಿಚ್ಕೊಂಡು ಕೂತಿದಾನೆ. ನಾನೇ ಟಾರ್ಚ್ ಹಿಡ್ಕೊಂಡಿದೀನಿ ಕಣೇ." ಮಗನ ಕೆಲಸಕ್ಕೆ ತಾನೂ ಬೇಕಾದೆನೆಂಬ ಸಂಭ್ರಮ ಆ ದನಿಯಲ್ಲಿ ತುಂಬಿತ್ತು.

"ಮುಟ್ಟಬೇಡಿ ಅನ್ನಿ! ಅತ್ತೆ, ಒಳಗೆ ಕರೆಂಟಿದೆ! ಕೈ ತೆಗೀರಿ ಅನ್ನಿ!"

"ಏನು? ಕೇಳಿಸ್ತಿಲ್ಲ. ಕರೆಂಟಾ? ಕರೆಂಟು ಹೋಗಿಲ್ಲ ಕಣೇ, ಫ್ಯಾನ್ ತಿರುಗ್ತಾ ಇದೆ."

"ಅವರಿಗೆ ಕೊಡಿ ಫೋನು! ಕೊಡಿ ಅವರಿಗೆ!" ಅವಳು ಕಿರುಚುತ್ತಿದ್ದಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

"ಕೊಡ್ತೀನಿ ತಡಿ, ಯಾಕೆ ಹಂಗೆ ಕೂಗ್ತೀಯ? ತಗೋಳೋ, ಇವಳು ಏನೋ ಹೇಳ್ಬೇಕಂತೆ..."

ದೂರದಲ್ಲಿ ಅವನ ಗೊಣಗಾಟ. "ಪ್ಲಗ್ ಕಿತ್ತಿದೆ ಅಂತ ಹೇಳಮ್ಮ ಅವಳಿಗೆ. ಸರಿ, ಕೊಡು ಇಲ್ಲಿ." ಆಮೇಲೆ ಹಲಗೆ ಸೀಳಿದಂಥ ಒಂದು ಸದ್ದು. ಫೋನು ನೆಲಕ್ಕೆ ಬಿತ್ತು. ಅತ್ತೆ ಮಗನನ್ನು ಕರೆಯುವುದು ಕೇಳಿಸಿತು, ಒಂದು ಸಲ, ಇನ್ನೊಂದು ಸಲ, ಪ್ರತಿ ಸಲವೂ ಮೊದಲಿಗಿಂತ ಸಣ್ಣ ದನಿಯಲ್ಲಿ.

ಅವಳು ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ರಿಪೇರಿ ಅಂಗಡಿಯ ಹೆಂಗಸು ಹಿಂದಿನಿಂದ ಸ್ಕೂಟರಿನಲ್ಲಿ ಬಂದು ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಆ ಅಪರಿಚಿತ ಬೆನ್ನು, ಅದರ ಮೇಲಿನ ಹೂವಿನ ಬಟ್ಟೆ. ಇಂಥ ಬಟ್ಟೆ ನಮ್ಮಂಗಡಿಯಲ್ಲೂ ಇದೆ ಎಂದು ಯಾವ ಸಂಬಂಧವೂ ಇಲ್ಲದೆ ಅಂದುಕೊಂಡಳು.

ಮನೆ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಓವನ್ನಿನ ತಗಡಿನ ಕವಚ ಒಂದು ಕಡೆ, ಅವನು ಒಂದು ಕಡೆ. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಕಣ್ಣು ತೆರೆದಿತ್ತು. ಬಲಗೈ ಮುದುರಿ ಮಡಿಲಲ್ಲಿ ಬಿದ್ದಿತ್ತು, ಬೆರಳುಗಳ ಮೇಲೆ ಬಿಳಿ ಗುರುತು. ಎದುರಿನ ಮೂಲೆಯಲ್ಲಿ ತುದಿ ಕರಗಿದ ಸ್ಕ್ರೂಡ್ರೈವರ್. ಅತ್ತೆ ನಿಂತಲ್ಲೇ ನಿಂತಿದ್ದರು. ಹಾಡುಹಗಲಲ್ಲಿ ಉರಿಯುತ್ತಿದ್ದ ಟಾರ್ಚನ್ನು ಮಗನ ಮುಖಕ್ಕೆ ಬಿಟ್ಟುಕೊಂಡು.

ಅವಳು ಅವನ ಎದೆಯ ಮೇಲೆ ಕೈಯಿಟ್ಟಳು. ಬಡಿಯುತ್ತಿತ್ತು, ಆದರೆ ಲಯ ತಪ್ಪಿ, ಮೆಟ್ಟಿಲಲ್ಲಿ ಎಡವುತ್ತಾ ಇಳಿಯುವವರ ಹಾಗೆ.

"ಪ್ಲಗ್ ಕಿತ್ತಿತ್ತು," ಅಂದ.

"ಹೂಂ ರೀ."

"ಒಂದು ಸಲ ಓಡಿಸಿ ನೋಡಿದೆ. ಆಮೇಲೆ ಕಿತ್ತೇ ಬಿಚ್ಚಿದ್ದು. ಅಮ್ಮನ್ನ ಕೇಳು. ಪ್ಲಗ್ ಕಿತ್ತಿತ್ತು."

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ಎರಡು ದಿನ ಇಟ್ಟುಕೊಂಡರು. ಅಲ್ಲಿಯೂ ನರ್ಸಿಗೆ, ಪಕ್ಕದ ಹಾಸಿಗೆಯವರಿಗೆ ಅದನ್ನೇ ಹೇಳುತ್ತಿದ್ದ. ಬಿಡುಗಡೆಯ ಹೊತ್ತಿಗೆ ಡಾಕ್ಟರು, ಇನ್ನೂ ಚಿಕ್ಕವಯಸ್ಸಿನವರು, ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ ಕೇಳಿದರು.

"ಅವರ ಎಡಗೈ ಎಲ್ಲಿತ್ತು ಆಗ, ಗೊತ್ತಾ?"

"ಫೋನ್ ತಗೊಳ್ಳೋಕೆ ಚಾಚಿದ್ರಂತೆ. ನಾನೇ ಮಾಡಿದ್ದೆ."

"ಅದೇ ಉಳಿಸಿದ್ದು. ಆ ಕೈ ಓವನ್ನಿನ ತಗಡಿನ ಮೇಲಿದ್ದಿದ್ರೆ ಕರೆಂಟು ಈ ಕೈಯಿಂದ ಆ ಕೈಗೆ, ಎದೆ ಹಾದು ಹೋಗ್ತಿತ್ತು." ಅವರು ಅವಳ ಭುಜ ತಟ್ಟಿ ಮುಂದೆ ಹೋದರು.

ಅವಳು ತಲೆಯಾಡಿಸಿದಳು. ಅತ್ತೆ ಹೇಳಿದ ಇನ್ನೊಂದು ಮಾತನ್ನು ಡಾಕ್ಟರಿಗೆ ಹೇಳಲಿಲ್ಲ. ಅತ್ತೆ ಅತ್ತುಕೊಂಡು ಹೇಳಿದ್ದರು, "ಫೋನ್ ತಗೊಳ್ಳೋಕೆ ಈ ಕಡೆ ತಿರುಗ್ದ ನೋಡು, ಆಗಲೇ ಕೈ ಜಾರಿದ್ದು. ಇಲ್ಲಾಂದ್ರೆ ನನ್ನ ಮಗನ ಕೈ ಜಾರೋದಾ?" ಎರಡೂ ನಿಜವಿರಬಹುದು. ಬಸ್ಸಿನಲ್ಲಿ ಕೂತಾಗ, ಬಟ್ಟೆ ಮಡಿಸುವಾಗ, ಅವಳು ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದಳು. ಯಾವುದೂ ಹಗುರವಾಗುತ್ತಿರಲಿಲ್ಲ.

ಓವನ್ನನ್ನು ರಿಪೇರಿ ಅಂಗಡಿಯ ಹೆಂಗಸೇ ಬಂದು ಎತ್ತಿಕೊಂಡು ಹೋದಳು. ಅತ್ತೆ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಹಾಲು ಕಾಯಿಸತೊಡಗಿದರು. ಅವನ ಬೆರಳುಗಳ ಗಾಯ ಮಾಯಿತು. ಉಗುರಿನ ಹತ್ತಿರ ಮಾತ್ರ ಸ್ಪರ್ಶ ಬರಲಿಲ್ಲ. ಸ್ಕ್ರೂಡ್ರೈವರಿನ ಗಂಟು ಎಲ್ಲಿಟ್ಟನೋ ಅವಳು ಕೇಳಲಿಲ್ಲ.

ಒಂದು ಮಧ್ಯಾಹ್ನ ಬಚ್ಚಲುಮನೆಯ ಬಲ್ಬು ಹೋಯಿತು. ಅವಳು ಅಂಗಡಿಯಿಂದ ಹೊಸದು ತಂದು ಅವನ ಮುಂದೆ ಟೀಪಾಯಿಯ ಮೇಲಿಟ್ಟಳು. ಅವನು ಅದನ್ನು ನೋಡಿದ, ಬೇರೆ ಕಡೆ ನೋಡಿದ. ಸಂಜೆಯವರೆಗೂ ಬಲ್ಬು ಅಲ್ಲೇ ಇತ್ತು. ಕೊನೆಗೆ ಅವಳೇ ಸ್ಟೂಲು ಎಳೆದುಕೊಂಡು ಬಚ್ಚಲಿಗೆ ಹೋದಳು. ಕಿಟಕಿಯಿಂದ ಬರುವ ಬೆಳಕೇ ಸಾಕಾಗಿತ್ತು. ಅವನು ಹಿಂದೆಯೇ ಬಂದು ಬಗ್ಗಿ ಸ್ಟೂಲು ಹಿಡಿದುಕೊಂಡ.

"ಸ್ವಿಚ್ಚು ಆಫ್ ಇದೆ ತಾನೆ?"

"ಇದೆ ರೀ."

"ಇನ್ನೊಂದ್ಸಲ ನೋಡ್ಬಿಡು."

ಇಳಿದಳು. ನೋಡಿದಳು. ಆಫ್ ಇತ್ತು. ಮತ್ತೆ ಹತ್ತಿ ತೋಳೆತ್ತಿದಳು. ಹಳೆಯ ಬಲ್ಬು ಅಂಟಿಕೊಂಡಿತ್ತು, ತಿರುಗಿಸಲು ತುಸು ಬಲ ಬೇಕಾಯಿತು. ಕೆಳಗೆ ಅವನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರೂ ಸ್ಟೂಲು ಸಣ್ಣಗೆ, ಬಿಡದೆ ನಡುಗುತ್ತಿತ್ತು. ಅವಳ ಪಾದಗಳಿಗೆ ಅದು ತಿಳಿಯುತ್ತಿತ್ತು.