ಜಕ್ಕೂರು ಕೆರೆ ಹತ್ತಿರ ನಿಂತ ಕಾರು

ನನ್ನ ಗ್ಯಾರೇಜಿಗೆ ರಿಪೇರಿಗೆ ಬಂದಿದ್ದ ಆ ಹಳೇ ಟರ್ಬೊ ಕಾರು ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಓಡಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಮುಗೀತು, ಮತ್ತೆ ಏಳುತ್ತಿರಲಿಲ್ಲ. ಅಂಥದ್ದನ್ನು ಪತ್ತೆ ಮಾಡಲು ಇಬ್ಬರು ಬೇಕು. ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಹಿಂದಿನ ಸೀಟು ಎತ್ತಿ ಪೆಟ್ರೋಲ್ ಪಂಪಿನ ಸದ್ದಿಗೆ ಕಿವಿ ಕೊಡಬೇಕು. ಭಾನುವಾರ, ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಡತಿ ನಾಗಲಕ್ಷ್ಮಿಯನ್ನೇ ಕರೆದೆ.

ಅವಳ ತಮ್ಮನ ಮುಂದೆ ನಾನು ರೇಗಾಡಿದಾಗಿನಿಂದ ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಆದರೂ ಬಂದು ಕಾರಿನಲ್ಲಿ ಕೂತಳು.

ಹುಣಸಮಾರನಹಳ್ಳಿವರೆಗೆ ಹೋಗಿ ಬಂದು ಜಕ್ಕೂರು ಕೆರೆ ಹತ್ತಿರ ಆಫ್ ಮಾಡಿದೆ. ಸ್ವಲ್ಪ ಹೊತ್ತು ಬಿಟ್ಟು ನಾನು ಹಿಂದಕ್ಕೆ ಹೋಗಿ, "ತಿರುಗಿಸು" ಅಂದೆ. ಇಂಜಿನ್ ಸುಮ್ಮನೆ ಸುತ್ತಿತು, ಹಿಡಿಯಲಿಲ್ಲ. ಪಂಪಿನಿಂದ ಸದ್ದೇ ಇಲ್ಲ.

"ಸಿಕ್ತು ಕಣೇ! ಪಂಪೇ ಹೋಗಿರೋದು!"

"ನಮ್ಮನೇಲೂ ಒಂದು ಹಿಂಗೇ ಇದೆ. ಬಿಸಿಯಾದ್ರೆ ಯಾರ ಮಾತೂ ಕೇಳಲ್ಲ."

ಜಗಳವಾದ ಮೇಲೆ ಅವಳು ಆಡಿದ ಮೊದಲ ಮಾತು ಅದು. ನಾನು ನಗು ತಡೆದುಕೊಂಡೆ.

"ಈಗೇನ್ರೀ ಮಾಡೋದು?" ಅಂದಳು.

ಟ್ಯಾಂಕಿನ ತಳಕ್ಕೆ ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಇಂಥ ಪಂಪು ಗ್ಯಾರೇಜು ಸೇರುವಷ್ಟಾದರೂ ಓಡುತ್ತದೆ. ಸುತ್ತಿಗೆ ನನ್ನ ಕಾಲ ಹತ್ತಿರವೇ ಇತ್ತು.

"ತಣ್ಣಗಾಗೋವರೆಗೂ ಕೂತಿರ್ಬೇಕು," ಎನ್ನುತ್ತಾ ಅದನ್ನು ಸೀಟಿನಡಿ ತಳ್ಳಿದೆ. "ಅಲ್ಲಿ ಕಡ್ಲೆಕಾಯಿ ಮಾರ್ತಿದಾನೆ, ತರ್ಲಾ?"

"ತನ್ನಿ. ಅವನ ಹತ್ರಾನೂ ಜಗಳ ಆಡ್ಬೇಡಿ."